‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾಲದ ಸಮಾಜವನ್ನು ಅಧ್ಯಯನ ಮಾಡಲು ಎಲ್ಲಿಂದ ಆರಂಭಿಸಬೇಕು?

ಹಣದಿಂದ. ಈ ಇಂಗ್ಲಿಷ್ ಕಾದಂಬರಿಯಲ್ಲಿ ಜೇನ್ ಆಸ್ಟಿನ್ ಆ ಸಮಾಜವನ್ನು ಪೌಂಡುಗಳ ಲೆಕ್ಕದಲ್ಲೇ ಬಿಡಿಸಿಟ್ಟಿದ್ದಾರೆ. ಮೊದಲು 7, 19 ಮತ್ತು 50ನೇ ಅಧ್ಯಾಯಗಳಲ್ಲಿ ಬರುವ ಮೊತ್ತಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಯಕಿ ಎಲಿಜಬೆತ್‌ಳ ತಂದೆ ಬೆನೆಟ್ ಅವರ ಜಮೀನಿನಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆ. ಆದರೆ ಆಸ್ತಿ ಗಂಡು ವಾರಸುದಾರರಿಗೇ ಹೋಗಬೇಕೆಂಬ ನಿರ್ಬಂಧವಿದೆ; ಗಂಡುಸಂತಾನವಿಲ್ಲದ ಕಾರಣ ಅದು ದೂರದ ಸಂಬಂಧಿ ಕಾಲಿನ್ಸ್ ಪಾಲಾಗಲಿದೆ. ಎಲಿಜಬೆತ್‌ಗೆ ಉಳಿಯುವುದು ತಾಯಿಯ ನಂತರ ಶೇ. 4ರ ಬಡ್ಡಿಯ 1,000 ಪೌಂಡ್, ಅಂದರೆ ವರ್ಷಕ್ಕೆ ಬರೀ 40. ಅವಳನ್ನು ಮದುವೆಯಾಗುವ ಡಾರ್ಸಿಯ ವರಮಾನ ವರ್ಷಕ್ಕೆ 10,000. ಈ ಅಂತರ ಕಣ್ಣಿಗೆ ಕಟ್ಟಿದರೆ ಹೆಣ್ಣುಮಕ್ಕಳ ಮದುವೆಯ ಬಗ್ಗೆ ತಾಯಿಗಿರುವ ಆತಂಕ ಹುಚ್ಚಾಟ ಎನಿಸುವುದೇ ಇಲ್ಲ. ಆಕೆಗೆ ಅನ್ಯಾಯ ಮಾಡುವ ಓದುಗರೇ ಹೆಚ್ಚು.

ಗಂಡು ಮಗ ಹುಟ್ಟಿದ್ದರೆ? ಅವನು ವಯಸ್ಕನಾದ ಮೇಲೆ ತಂದೆಯೊಡನೆ ಸೇರಿ ಆ ನಿರ್ಬಂಧವನ್ನೇ ಮುರಿಯಬಹುದಿತ್ತು. ಅದೇ ನಂಬಿಕೆಯಲ್ಲಿ ದಂಪತಿ ಉಳಿತಾಯ ಮಾಡಲಿಲ್ಲ ಎಂಬುದು 50ನೇ ಅಧ್ಯಾಯದಲ್ಲಿದೆ.

ಸಾಮಾನ್ಯವಾಗಿ ಎಡವುವುದು ಕಾಲದ ವಿಷಯದಲ್ಲಿ: ಇದನ್ನು ವಿಕ್ಟೋರಿಯಾ ರಾಣಿಯ ಕಾಲದ ಕಥೆ ಎಂದುಕೊಳ್ಳುವುದು. ಕಾದಂಬರಿ ಪ್ರಕಟವಾದದ್ದು 1813ರಲ್ಲಿ, ಮೊದಲ ಕರಡು 1796–97ರದ್ದು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಹಾಗಾಗಿ ರೈಲು, ವಿವಾಹಿತ ಮಹಿಳೆಯರ ಆಸ್ತಿಹಕ್ಕಿನ 1870 ಮತ್ತು 1882ರ ಕಾಯ್ದೆಗಳನ್ನು ಇಲ್ಲಿಗೆ ಎಳೆದು ತರಬೇಡಿ. ನೆಪೋಲಿಯನ್ ವಿರುದ್ಧದ ಯುದ್ಧಕಾಲವನ್ನು ಓದಿ. ಬೆನೆಟ್ ಮನೆಯ ಹತ್ತಿರದ ಊರಾದ ಮೆರಿಟನ್ನಿನಲ್ಲಿ ಸೈನಿಕರು ಏಕೆ ಬೀಡುಬಿಟ್ಟಿದ್ದಾರೆ ಎಂಬುದು ಅಲ್ಲಿ ಸಿಗುತ್ತದೆ.