ಕುಟುಂಬದ ಗುಟ್ಟುಗಳ ಸುತ್ತ ಹೆಣೆದ ಕಾದಂಬರಿಗಳು ಇಷ್ಟೊಂದು ಹಿಡಿಸುವುದೇಕೆ?

ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಸಿಕ್ಕರೆ ಕುತೂಹಲ ಅಲ್ಲಿಗೆ ತೀರುತ್ತದೆ. ಮನೆಯ ಗುಟ್ಟಿನ ಕಥೆಯಲ್ಲಿ ಹಾಗಲ್ಲ. ಗುಟ್ಟು ಬಯಲಾದ ಮೇಲೂ ಅದೇ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಪತ್ತೇದಾರಿ ಕಾದಂಬರಿಯಲ್ಲ, ಆದರೂ ನನಗೆ ಮೊದಲು ನೆನಪಾಗುವುದು ಅದೇ. (ಓದಿಲ್ಲದವರು ಮುಂದಿನ ವಾಕ್ಯವನ್ನು ಬಿಟ್ಟುಬಿಡಿ.) ವಂಶವೇ ದೊಡ್ಡದೆಂದು ನಂಬಿ, ಮರುಮದುವೆಯಾದ ಸೊಸೆಯ ಮಗುವನ್ನು ತಮ್ಮಲ್ಲೇ ಉಳಿಸಿಕೊಂಡ ಶ್ರೀನಿವಾಸ ಶ್ರೋತ್ರಿಯರಿಗೆ ಇಳಿವಯಸ್ಸಿನಲ್ಲಿ ತಾವೇ ಆ ವಂಶದ ರಕ್ತವಲ್ಲವೆಂದು ತಿಳಿಯುತ್ತದೆ. ಆ ಪೆಟ್ಟು ನಮಗೂ ತಗಲುವುದು, ಅಷ್ಟು ಹೊತ್ತಿಗೆ ಅವರು ನಮಗೆ ಮನೆಯ ಹಿರಿಯರಷ್ಟೇ ಹತ್ತಿರವಾಗಿರುವುದರಿಂದ. ಗುಟ್ಟು ತಿಳಿದ ಮೇಲೂ ನಾನು ಅದನ್ನು ಮತ್ತೆ ಓದಿದ್ದೇನೆ. ಆಗ ಅವರ ಹಿಂದಿನ ಒಂದೊಂದು ಮಾತಿಗೂ ಬೇರೆಯೇ ಅರ್ಥ ಹೊಳೆಯಿತು.