ಡೇಟಾ ಪ್ಯಾಕ್ ಇಲ್ಲದ ಫೋನು ಹಕ್ಕಿ ನೋಡೋಕೆ ಸಾಕಾಗುತ್ತದಾ?

ಮೇಡಂ, ನೀವು ಕೇಳಿದ್ದು ಇಷ್ಟು ಅಲ್ವಾ: ಮನೆಯಲ್ಲಿ ವೈಫೈ ಇದೆ, ಹಳೆಯ ಸ್ಮಾರ್ಟ್‌ಫೋನ್ ಒಂದು ಸುಮ್ನೆ ಬಿದ್ದಿದೆ, ಮಾತಾಡಲು ಕೀಪ್ಯಾಡ್ ಫೋನ್ ಇದೆ. ಡೇಟಾಗೆ ದುಡ್ಡು ಹಾಕದೆ ಆ ಹಳೆಯ ಫೋನನ್ನು ಹಕ್ಕಿ ನೋಡಲು ಹೋದಾಗ ಬಳಸಬಹುದಾ, ಗುಂಪಿನ ಮೆಸೇಜ್ ಓದಬಹುದಾ ಅಂತ. ಧಾರಾಳವಾಗಿ ಬಳಸಬಹುದು. ನಮ್ಮ ಹವ್ಯಾಸದ ಮುಕ್ಕಾಲು ಕೆಲಸಕ್ಕೆ ಕೆರೆ ದಂಡೆಯಲ್ಲಿ ನಿಂತಾಗ ಇಂಟರ್ನೆಟ್ ಬೇಕಾಗಿಯೇ ಇಲ್ಲ. ಅದು ಬೇಕಾಗುವುದು ಹೊರಡುವ ಹಿಂದಿನ ರಾತ್ರಿ ಮತ್ತು ವಾಪಸ್ ಬಂದ ಮೇಲೆ. ಎರಡೂ ಹೊತ್ತಿನಲ್ಲಿ ನೀವು ಮನೆಯಲ್ಲೇ ಇರುತ್ತೀರಿ.

ಮೊದಲು ವಾಟ್ಸಾಪ್. ಅದಕ್ಕೆ ನಂಬರ್ ಬೇಕು, ಆದರೆ ಸಿಮ್ ಅದೇ ಫೋನಿನಲ್ಲಿ ಇರಬೇಕು ಅಂತೇನಿಲ್ಲ. ಹಳೆಯ ಫೋನಿನಲ್ಲಿ ಆಪ್ ಹಾಕಿ, ಕೀಪ್ಯಾಡ್ ಫೋನಿನ ನಂಬರ್ ಕೊಡಿ. ಆರು ಅಂಕಿಯ ಕೋಡ್ ಕೀಪ್ಯಾಡ್ ಫೋನಿಗೆ ಎಸ್ಸೆಮ್ಮೆಸ್ ಆಗಿ ಬರುತ್ತದೆ, ಅದನ್ನು ನೋಡಿ ಇಲ್ಲಿ ಒತ್ತಿದರೆ ಮುಗಿಯಿತು. ಮನೆಯಲ್ಲಿ ಬೇರೆ ಯಾವುದಾದರೂ ಫೋನಿನಲ್ಲಿ ನಿಮ್ಮ ವಾಟ್ಸಾಪ್ ಈಗಾಗಲೇ ಇದ್ದರೆ ಹೊಸದಾಗಿ ನೋಂದಾಯಿಸಬೇಡಿ, ಅಲ್ಲಿಂದ ಲಾಗೌಟ್ ಆಗಿಬಿಡುತ್ತದೆ. ಹಳೆಯ ಫೋನನ್ನು ಅದಕ್ಕೆ ಜೋಡಿಸಿ, ಒಂದು ಖಾತೆಗೆ ಹಾಗೆ ನಾಲ್ಕು ಸಾಧನ ಜೋಡಿಸಬಹುದು. ಮುಖ್ಯ ಫೋನನ್ನು 14 ದಿನ ಮುಟ್ಟದಿದ್ದರೆ ಮಾತ್ರ ಜೋಡಿಸಿದವು ಕಳಚಿಕೊಳ್ಳುತ್ತವೆ.

ಹಗಲೆಲ್ಲ ನೆಟ್ ಇಲ್ಲದಿದ್ದರೆ ಮೆಸೇಜ್ ಕಳೆದುಹೋಗುತ್ತವೆ ಅನ್ನೋ ಭಯ ಬೇಡ. ನಿಮಗೆ ತಲುಪದ ಮೆಸೇಜನ್ನು ವಾಟ್ಸಾಪ್ 30 ದಿನದವರೆಗೆ ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡಿರುತ್ತದೆ. ಸಂಜೆ ಮನೆಗೆ ಬಂದು ವೈಫೈ ಸಿಕ್ಕ ಕೂಡಲೇ ಎಲ್ಲಾ ಒಟ್ಟಿಗೆ ಬಂದು ಬೀಳುತ್ತವೆ. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಒಂದು ಹಾಕಿಡಿ, ಅಂದರೆ ಎಸ್ಸೆಮ್ಮೆಸ್ ಕೋಡಿನ ಜೊತೆಗೆ ಕೇಳುವ ನಿಮ್ಮದೇ ಗುಪ್ತ ಸಂಖ್ಯೆ. ಆಮೇಲೆ ಆ ಸಿಮ್ ಸಾಯಲು ಬಿಡಬೇಡಿ. ಬಹಳ ಕಾಲ ಬಳಸದ ನಂಬರನ್ನು ಕಂಪನಿಗಳು ಬೇರೆಯವರಿಗೆ ಕೊಡುತ್ತವೆ.

ಇನ್ನು ಹಕ್ಕಿ ಗುರುತಿಸುವುದು. ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆಯ ಮರ್ಲಿನ್ ಆಪ್ ಇದಕ್ಕೆ ಹೇಳಿ ಮಾಡಿಸಿದಂತಿದೆ, ಪುಕ್ಕಟೆ ಕೂಡ. ನೀವು ಹೋಗುವ ಪ್ರದೇಶದ ಹಕ್ಕಿ ಪ್ಯಾಕನ್ನು ವೈಫೈನಲ್ಲಿ ಇಳಿಸಿಕೊಂಡರೆ ಚಿತ್ರ, ಕೂಗು, ವಿವರಣೆ ಎಲ್ಲಾ ಫೋನಿನೊಳಗೇ ಇರುತ್ತದೆ. ಕೂಗು ಕೇಳಿ ಹೆಸರು ಹೇಳುವುದೂ ಫೋನಿನಲ್ಲೇ ನಡೆಯುತ್ತದೆ, ನೆಟ್ ಬೇಡ. ಪ್ಯಾಕ್ ನೂರಾರು ಎಂಬಿ ಇರುತ್ತದೆ, ಹಳೆಯ ಫೋನಿನಲ್ಲಿ ಜಾಗ ಮಾಡಿಕೊಳ್ಳಿ. ಆಪ್ ಹೇಳಿದ ಹೆಸರನ್ನೇ ನೀವು ಕಂಡ ಹಕ್ಕಿಗಳ ಪಟ್ಟಿಗೆ ಹಾಕಬೇಡಿ, ಹಕ್ಕಿಯನ್ನು ಕಣ್ಣಾರೆ ಹುಡುಕಿ. ಇದನ್ನು ಡೇಟಾ ಇರುವವರಿಗೂ ಹೇಳುತ್ತಿದ್ದೇನೆ.

ಆ ಪಟ್ಟಿ ಬರೆದಿಡಲು ಇ-ಬರ್ಡ್ ಆಪ್. ಇದಕ್ಕೂ ಆ ಪ್ರದೇಶದ ಪ್ಯಾಕ್ ಮೊದಲೇ ಇಳಿಸಿಡಬೇಕು. ಬೆಳಿಗ್ಗೆ ಪಟ್ಟಿ ಶುರು ಮಾಡಿ, ನಡೆದ ದಾರಿಯನ್ನು ಜಿಪಿಎಸ್ ಬರೆದುಕೊಳ್ಳುತ್ತದೆ, ಹಕ್ಕಿ ಕಂಡಂತೆ ಎಣಿಕೆ ಒತ್ತುತ್ತಾ ಹೋಗಿ. ಮುಗಿದ ಮೇಲೆ ಪಟ್ಟಿ ಫೋನಿನಲ್ಲೇ ಕಾದಿರುತ್ತದೆ, ಮನೆಗೆ ಬಂದು ಕಳಿಸಿದರಾಯಿತು. ಗಿಡ, ಚಿಟ್ಟೆ ಕಂಡರೆ ಫೋಟೋ ತೆಗೆದಿಟ್ಟುಕೊಂಡು ಆಮೇಲೆ ಐನ್ಯಾಚುರಲಿಸ್ಟ್‌ಗೆ (ಕಂಡ ಜೀವಿಗಳನ್ನು ದಾಖಲಿಸುವ ತಾಣ) ಹಾಕಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಜಾಗ ಮತ್ತು ಸಮಯ ಫೋಟೋದ ಜೊತೆಗೇ ಉಳಿಯುತ್ತವೆ, ನೆನಪಿಟ್ಟುಕೊಳ್ಳುವ ತಾಪತ್ರಯ ಇಲ್ಲ.

ಮೇಲೆ ಒಬ್ಬರು "ಸಿಮ್ ಇಲ್ಲದೆ ಜಿಪಿಎಸ್ ಬರಲ್ಲ" ಎಂದಿದ್ದಾರೆ. ಬರುತ್ತದೆ ಸರ್. ಜಿಪಿಎಸ್ ಅಂದರೆ ಉಪಗ್ರಹದ ರೇಡಿಯೋ ಕೇಳುವುದು ಅಷ್ಟೇ, ಟವರ್‌ಗೂ ಅದಕ್ಕೂ ಸಂಬಂಧವಿಲ್ಲ. ಈಗಿನ ಫೋನುಗಳಲ್ಲಿ ಏರೋಪ್ಲೇನ್ ಮೋಡ್‌ನಲ್ಲೂ ಕೆಲಸ ಮಾಡುತ್ತದೆ. ನಿಮಗೆ ಹಾಗೆ ಅನ್ನಿಸಿದ್ದಕ್ಕೆ ಕಾರಣ ಇದೆ. ಯಾವ ಉಪಗ್ರಹ ಎಲ್ಲಿದೆ ಅನ್ನೋ ಮಾಹಿತಿಯನ್ನು ಫೋನು ಸಾಮಾನ್ಯವಾಗಿ ನೆಟ್‌ನಿಂದ ಚಕ್ಕನೆ ತರಿಸಿಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅದಕ್ಕೆ ಕನಿಷ್ಠ ಅರ್ಧ ನಿಮಿಷ ಬೇಕು, ಮರದಡಿ ನಿಂತರೆ ಇನ್ನೂ ಜಾಸ್ತಿ. ಹಾಗಾಗಿ ಮನೆ ಬಿಡುವ ಮುಂಚೆ ವೈಫೈನಲ್ಲಿ ಒಮ್ಮೆ ಮ್ಯಾಪ್ ತೆರೆದು ನೀಲಿ ಚುಕ್ಕೆ ಬರುವ ತನಕ ಕಾಯಿರಿ. ಅಲ್ಲಿ ಹೋದ ಮೇಲೂ ಬಯಲಿನಲ್ಲಿ ನಿಂತು ಎರಡು ನಿಮಿಷ ತಾಳ್ಮೆ ಇರಲಿ.

ಮ್ಯಾಪ್ ಕೂಡ ಇಳಿಸಿಕೊಳ್ಳಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೋ ಒತ್ತಿದರೆ ಆಫ್‌ಲೈನ್ ಮ್ಯಾಪ್ಸ್ ಅಂತ ಸಿಗುತ್ತದೆ. ಆದರೆ ಆಫ್‌ಲೈನ್‌ನಲ್ಲಿ ಅದು ಗಾಡಿ ದಾರಿ ತೋರಿಸುತ್ತದೆ, ನಡೆಯುವ ದಾರಿ ಹೇಳುವುದಿಲ್ಲ. ನಮಗೆ ಬೇಕಾದದ್ದು ಕಾಲುದಾರಿ. ಅದಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್ ಮೇಲು. ಜನರೇ ಸೇರಿ ಬರೆದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಬಳಸುತ್ತದೆ, ಪೂರ್ತಿ ಆಫ್‌ಲೈನ್, ಜಾಹೀರಾತೂ ಇಲ್ಲ.

ಮುಂದೆ ಸಿಮ್ಮನ್ನು ಈ ಫೋನಿಗೇ ಹಾಕುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ವೈಫೈ ಗುರುತು ಕಾಣುತ್ತಿದೆ ಅಂದ ಮಾತ್ರಕ್ಕೆ ಎಲ್ಲವೂ ವೈಫೈನಲ್ಲೇ ಹೋಗುತ್ತಿದೆ ಅಂತ ನಂಬಬೇಡಿ. ಐಫೋನಿನಲ್ಲಿ ವೈಫೈ ಅಸಿಸ್ಟ್ ಅಂತ ಇದೆ, ವೈಫೈ ಸೊರಗಿದರೆ ಹೇಳದೆ ಕೇಳದೆ ಮೊಬೈಲ್ ಡೇಟಾ ಹಿಡಿಯುತ್ತದೆ, ಕಂಪನಿಯಿಂದ ಬರುವಾಗಲೇ ಆನ್ ಇರುತ್ತದೆ. ಅದು ಸೆಟ್ಟಿಂಗ್ಸ್‌ನ ಮೊಬೈಲ್ ಡೇಟಾ ಪುಟದ ಕೊನೆಯಲ್ಲಿ ಇರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದ್ದು ಬೇರೆ ಬೇರೆ ಹೆಸರಲ್ಲಿ ಇದೆ. ಅದೆಲ್ಲ ಹುಡುಕುವ ಬದಲು ಮೊಬೈಲ್ ಡೇಟಾ ಸ್ವಿಚ್ಚನ್ನೇ ಆಫ್ ಮಾಡಿ, ರೋಮಿಂಗ್ ಡೇಟಾವನ್ನೂ ಆಫ್ ಮಾಡಿ. ಕರೆ, ಎಸ್ಸೆಮ್ಮೆಸ್ ಎಂದಿನಂತೆ ಬರುತ್ತವೆ.

ಗುಂಪಿನ ಜೊತೆ ಹೋದಾಗ ಯಾರಾದರೂ ಹಾಟ್‌ಸ್ಪಾಟ್ ಕೊಡುತ್ತಾರೆ. ಒಳ್ಳೆಯದೇ, ಆದರೆ ನಿಮ್ಮ ಫೋನಿಗೆ ಅದೂ ಒಂದು ವೈಫೈ. ವೈಫೈ ಸಿಕ್ಕಿತು ಅಂತ ಬೆಳಗಿನಿಂದ ತೆಗೆದ ಫೋಟೋ, ವಿಡಿಯೋ ಎಲ್ಲವನ್ನೂ ಬ್ಯಾಕಪ್ ಮಾಡಲು ಕೂರುತ್ತದೆ, ಜೊತೆಗೆ ಆಪ್ ಅಪ್‌ಡೇಟ್ ಬೇರೆ. ಪಾಪ, ಅವರ ಅವತ್ತಿನ ಡೇಟಾ ಒಂದು ಗಂಟೆಯಲ್ಲಿ ಖಾಲಿ. ಆಂಡ್ರಾಯ್ಡ್‌ನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್‌ಗೆ ಹೋಗಿ ಅದನ್ನು ಮೀಟರ್ಡ್ (ಅಳೆದು ಬಳಸಬೇಕಾದ ನೆಟ್) ಅಂತ ಗುರುತು ಮಾಡಿ, ಐಫೋನಿನಲ್ಲಿ ಲೋ ಡೇಟಾ ಮೋಡ್ ಹಾಕಿ.

ಸಾರ್ವಜನಿಕ ವೈಫೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲಾಗಿನ್ ಪುಟ ಬರದೆ ಸತಾಯಿಸಿದರೆ ಬ್ರೌಸರ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ (neverssl.com) ತೆರೆಯಿರಿ, ಸಾಮಾನ್ಯವಾಗಿ ಪುಟ ಬರುತ್ತದೆ. ಆ ಪುಟ ನಿಮ್ಮ ಇಮೇಲ್‌ನ ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ಬ್ಯಾಂಕ್ ಕೆಲಸ ಮನೆಯಲ್ಲಿ ಮಾಡಿ, ಅದೂ ಹಳೆಯ ಫೋನಿನಲ್ಲಿ ಬೇಡ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಫೋನಿಗೆ ಹಕ್ಕಿ ಪಟ್ಟಿ ಸಾಕು.

ಇನ್ನೊಂದು, ಇದು ಮಾತ್ರ ಖಂಡಿತ ಮಾಡಿ: ಕೀಪ್ಯಾಡ್ ಫೋನನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ವಾಟ್ಸಾಪ್‌ನಿಂದ ತುರ್ತು ನಂಬರಿಗೆ ಕರೆ ಹೋಗುವುದಿಲ್ಲ. ಸಿಮ್ ಇಲ್ಲದ ಫೋನಿನಿಂದ ತುರ್ತು ಕರೆ ಕೆಲವು ದೇಶಗಳಲ್ಲಿ ಹೋಗುತ್ತದೆ, ಕೆಲವು ಕಡೆ ಹೋಗುವುದಿಲ್ಲ. ಒಬ್ಬರೇ ಹೋಗುವ ದಿನ ಕೀಪ್ಯಾಡ್ ಫೋನನ್ನು ಫುಲ್ ಚಾರ್ಜ್ ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳಿ. ಹಳೆಯ ಫೋನಿನ ಮಾಡೆಲ್ ಯಾವುದು ಅಂತ ಇಲ್ಲೇ ಹಾಕಿ, ಮರ್ಲಿನ್ ಅದರಲ್ಲಿ ಓಡುತ್ತದಾ ನೋಡಿ ಹೇಳುತ್ತೇನೆ.