ಸಸ್ಯ ಮತ್ತು ಪ್ರಾಣಿ ಜೀವಕೋಶಗಳಿಗೆ ಏನು ವ್ಯತ್ಯಾಸ?

ದೊಡ್ಡ ವ್ಯತ್ಯಾಸ ಅಂದರೆ ಗೋಡೆ. ತೆಳುವಾದ ಪೊರೆ ಎರಡಕ್ಕೂ ಇದೆ. ಸಸ್ಯದ ಕೋಶಕ್ಕೆ ಅದರ ಹೊರಗೆ ಸೆಲ್ಯುಲೋಸ್‌ನ ಗಟ್ಟಿ ಕೋಶಭಿತ್ತಿಯೂ ಇರುತ್ತದೆ. ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ. ಈರುಳ್ಳಿಯ ಕೋಶ ಒಡೆಯುವುದಿಲ್ಲ, ಗೋಡೆ ತಡೆಯುತ್ತದೆ.

ಸಸ್ಯಕೋಶದ ಒಳಗೆ ರಸದಾನಿ ಎಂಬ, ನೀರು ತುಂಬಿದ ದೊಡ್ಡ ಚೀಲ ಇದೆ. ಬೆಳೆದ ಕೋಶದಲ್ಲಿ ಜಾಸ್ತಿ ಜಾಗ ಅದಕ್ಕೇ. ನೀರು ಹಾಕದಿದ್ದರೆ ಗಿಡ ಜೋತು ಬೀಳುತ್ತದೆ ಅಲ್ವಾ? ರಸದಾನಿಯ ನೀರು ಇಳಿದು ಗೋಡೆಯ ಮೇಲಿನ ಒತ್ತಡ ಕಡಿಮೆಯಾಗಿರುತ್ತದೆ. ಪ್ರಾಣಿಕೋಶದಲ್ಲಿ ರಸದಾನಿ ಇದ್ದರೂ ಪುಟ್ಟದು.

ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್ ಸಸ್ಯದ ಹಸಿರು ಭಾಗಗಳಲ್ಲಿ ಮಾತ್ರ. ಮಣ್ಣೊಳಗಿನ ಬೇರಿನಲ್ಲಿ ಹುಡುಕಬೇಡಿ. ಇನ್ನೊಂದು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಪ್ರಾಣಿಗಳಿಗಷ್ಟೇ ಅಂತ ತುಂಬಾ ಜನ ಬರೆಯುತ್ತಾರೆ. ತಪ್ಪು, ಅದು ಎರಡರಲ್ಲೂ ಇದೆ.